ಟಿವಿ ಇನ್‌ಪುಟ್ ಒಂದೇ ಒತ್ತಿಗೆ ಬದಲಾಗಬೇಕಾ?

ಡೊಂಬಿವಲಿಯ ಚಿಕ್ಕಮ್ಮ ಕೇಳಿದ್ದು ಇಷ್ಟೇ. ಕನ್ನಡ ಚಾನೆಲ್‌ನ ಸೆಟ್‌ಟಾಪ್ ಬಾಕ್ಸ್ ಎಚ್‌ಡಿಎಂಐ 1ರಲ್ಲಿದೆ, ಮೊಮ್ಮಗನ ಸ್ಟ್ರೀಮಿಂಗ್ ಸ್ಟಿಕ್ 2ರಲ್ಲಿ. ಸೋರ್ಸ್ ಪಟ್ಟಿಯಲ್ಲಿ ಇಳಿಯುವ ತಲೆನೋವು ಬೇಡ.

ಖರ್ಚು ನೋಡಿದರೆ ಸಿಇಸಿ, ಅಂದರೆ ಎಚ್‌ಡಿಎಂಐ ಕೇಬಲ್ ಮೂಲಕವೇ ಸಾಧನಗಳು ಒಂದಕ್ಕೊಂದು ಸೂಚನೆ ಕೊಡುವ ವ್ಯವಸ್ಥೆ, ಸಲೀಸು. ಟಿವಿಯಲ್ಲೇ ಇರುತ್ತದೆ, ಸ್ಯಾಮ್‌ಸಂಗ್‌ನವರು ಎನಿನೆಟ್ ಪ್ಲಸ್, ಎಲ್‌ಜಿಯವರು ಸಿಂಪ್‌ಲಿಂಕ್ ಅಂತಾರೆ. ಸ್ಟಿಕ್‌ನ ಹೋಮ್ ಗುಂಡಿ ಒತ್ತಿದರೆ ಟಿವಿ ತಾನಾಗಿ ಅತ್ತ ತಿರುಗುತ್ತದೆ. ವಾಪಸ್ ಬರೋದೇ ಕಷ್ಟ. ಬಾಕ್ಸ್‌ಗೂ ಸಿಇಸಿ ಗೊತ್ತಿರಬೇಕಲ್ವಾ?

ಇನ್ನೊಂದು, ಮುಂಬೈನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡ್ ಸುತ್ತಿದರೆ ಸಿಗುವ ಲರ್ನಿಂಗ್ ರಿಮೋಟ್. ಹಳೆ ರಿಮೋಟನ್ನು ಎದುರಿಗೆ ಹಿಡಿದರೆ ಅದರ ಸಿಗ್ನಲ್ ಕಲಿಯುತ್ತದೆ. ಆದರೆ ಹಳೆಯದರಲ್ಲಿ ಇಲ್ಲದ ಗುಂಡಿಯನ್ನು ಎಲ್ಲಿಂದ ಕಲಿಯುತ್ತೆ? ಆಗ 'ಸೋರ್ಸ್, ಕೆಳಗೆ, ಓಕೆ' ಎಂದು ಮ್ಯಾಕ್ರೋ, ಅಂದರೆ ಒಂದೇ ಒತ್ತಿಗೆ ಸಾಲಾಗಿ ಹೋಗುವ ಸಿಗ್ನಲ್‌ಗಳ ಸರಣಿ, ಕಟ್ಟಬೇಕು. ಈಗಿರುವ ಇನ್‌ಪುಟ್‌ನಿಂದಲೇ ಪಟ್ಟಿ ಶುರುವಾಗುವ ಟಿವಿಯಲ್ಲಿ ಇದು ಒಮ್ಮೆ ಸರಿ, ಒಮ್ಮೆ ತಪ್ಪು. ನಾನು ಒಂದು ಭಾನುವಾರ ಪೂರ್ತಿ ಇದರಲ್ಲೇ ಸುಮ್ನೆ ಕಳೆದಿದ್ದೇನೆ.

ಮಜಾ ಏನಂದ್ರೆ, ಎಷ್ಟೋ ಟಿವಿಗಳಿಗೆ ಪ್ರತಿ ಇನ್‌ಪುಟ್‌ಗೂ ನೇರ ಐಆರ್ (ಇನ್‌ಫ್ರಾರೆಡ್, ರಿಮೋಟ್ ಬಿಡುವ ಕಣ್ಣಿಗೆ ಕಾಣದ ಬೆಳಕು) ಕೋಡ್ ಇರುತ್ತದೆ. ಕಂಪನಿಯ ರಿಮೋಟಿನಲ್ಲಿ ಗುಂಡಿ ಮಾತ್ರ ಇಲ್ಲ. ಕೋಡ್ ತುಂಬಬಹುದಾದ ಯೂನಿವರ್ಸಲ್ ರಿಮೋಟ್ ಇದ್ದರೆ ಅದನ್ನು ಕೆಂಪು ಗುಂಡಿಗೆ ಕೂರಿಸಬಹುದು. ನಿಮ್ಮ ಮಾಡೆಲ್‌ನ ಕೋಡ್ ಹುಡುಕುವುದೇ ಜಾಸ್ತಿ ಕೆಲಸ. ಮೊದಲು ಐಆರ್ ಇರುವ ಶವೋಮಿ ಫೋನಿನಿಂದ ಕಳಿಸಿ ನೋಡಿ, ಕಾಸು ಉಳಿಯುತ್ತದೆ.

ಎರಡೂ ಸಾಧನಕ್ಕೆ ಸಿಇಸಿ ಇದ್ದರೆ ಬೇರೇನೂ ಕೊಳ್ಳಬೇಡಿ. ಹಳೆ ರಿಮೋಟಿನಲ್ಲೇ ಎಚ್‌ಡಿಎಂಐ ಗುಂಡಿಗಳಿದ್ದರೆ ಲರ್ನಿಂಗ್ ಸಾಕು. ಚಿಕ್ಕಮ್ಮನ ಬಾಕ್ಸ್ ಹಳೆಯದು, ಅವರಿಗೆ ನೇರ ಕೋಡ್ ಹಾಕಿಕೊಟ್ಟೆ. ಗುಂಡಿಗೆ ಕುಂಕುಮದ ಬೊಟ್ಟು ಅವರೇ ಇಟ್ಟುಕೊಂಡರು.