ಮೊದಲು ಯಾರನ್ನು ತಿಳಿಯಬೇಕು: ವಿಲ್ಲಿ ಮೇಸ್ ಅಥವಾ ಹ್ಯಾಂಕ್ ಆರನ್?

ಬೇಸ್‌ಬಾಲ್ ಈಗಷ್ಟೇ ಹಿಡಿಸಿದೆಯಾ? ಹಳೆಯ ಆಟಗಾರರಲ್ಲಿ ಒಬ್ಬರಿಂದ ಶುರು ಮಾಡಬೇಕು ಅಂದರೆ ಈ ಇಬ್ಬರಲ್ಲಿ ಒಬ್ಬರನ್ನು ಆರಿಸಿ. ಇಬ್ಬರೂ ಅಮೆರಿಕದ ಅಲಬಾಮಾ ರಾಜ್ಯದವರು, ಇಬ್ಬರೂ ಕಪ್ಪು ಆಟಗಾರರ ತಂಡಗಳಲ್ಲಿ ಆಡಿ ಮೇಲೆ ಬಂದವರು.

ಆಟದ ಅಂದ ಬೇಕಿದ್ದರೆ ಮೇಸ್. 660 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ), 12 ಗೋಲ್ಡ್ ಗ್ಲೋವ್ (ಅತ್ಯುತ್ತಮ ಫೀಲ್ಡಿಂಗ್ ಪ್ರಶಸ್ತಿ). 1954ರ ವರ್ಲ್ಡ್ ಸೀರೀಸ್‌ನಲ್ಲಿ (ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಫೈನಲ್ ಸರಣಿ) ಬ್ಯಾಟರ್‌ಗೆ ಬೆನ್ನು ಮಾಡಿ ಓಡುತ್ತಲೇ ಹಿಡಿದ ಕ್ಯಾಚ್‌ನ ವಿಡಿಯೊ ಒಮ್ಮೆ ನೋಡಿ. ಬ್ಯಾಟಿಂಗ್, ಓಟ, ಎಸೆತ, ಫೀಲ್ಡಿಂಗ್ ಎಲ್ಲದರಲ್ಲೂ ಇಷ್ಟು ಚೆನ್ನಾಗಿದ್ದವರು ತೀರಾ ಕಡಿಮೆ.

ಆರನ್ ಕತೆ ಬೇರೆ. ಒಂದು ಸೀಸನ್‌ನಲ್ಲೂ 50 ಹೋಮ್ ರನ್ ಹೊಡೆಯಲಿಲ್ಲ. ಆದರೂ ಒಟ್ಟು 755! ಅವನ್ನೆಲ್ಲ ತೆಗೆದುಬಿಟ್ಟರೂ 3,000ಕ್ಕಿಂತ ಜಾಸ್ತಿ ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸುವ ಹೊಡೆತ) ಉಳಿಯುತ್ತವೆ. ಹಿಂದಿನ ಬಿಳಿಯ ದಿಗ್ಗಜ ಬೇಬ್ ರೂತ್ ಅವರ 714 ಹೋಮ್ ರನ್‌ಗಳ ದಾಖಲೆ ಹತ್ತಿರ ಬಂದಾಗ, ಕಪ್ಪು ಆಟಗಾರ ಎಂಬ ಕಾರಣಕ್ಕೆ ಆರನ್ ಅವರಿಗೆ ದ್ವೇಷದ ಪತ್ರಗಳು, ಕೊಲೆ ಬೆದರಿಕೆಗಳು ಬಂದವು. ಅದನ್ನೆಲ್ಲ ಹೊತ್ತುಕೊಂಡೇ ದಿನಾ ಮೈದಾನಕ್ಕಿಳಿದರು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ 715ನೆಯದನ್ನು ಹೊಡೆದರು. ಓದುವಾಗ ಈಗಲೂ ಗಂಟಲು ಬಿಗಿಯುತ್ತದೆ.

ಒಂದೇ ಸಂಜೆ ಇದ್ದರೆ ಮೇಸ್ ನೋಡಿ. ಒಂದು ವಾರ ಓದಲು ಸಮಯ ಇದ್ದರೆ, ನನ್ನ ಮಾತು ಕೇಳಿ, ಆರನ್ ಅವರಿಂದಲೇ ಶುರು ಮಾಡಿ.