ಶ್ರುತಿ ಹಿಡಿಯಬೇಕಾದ ಸಾಮಾನಿಗೆ ಸಗಟು ತಾಣ ಸಾಲದು

ಕಾಸರಗೋಡಿನಲ್ಲಿ ಕೂತು ಒಂದು ಸಣ್ಣ ಆನ್‌ಲೈನ್ ಅಂಗಡಿ ನಡೆಸುತ್ತೇನೆ. ತೆಂಕುತಿಟ್ಟಿನ ಯಕ್ಷಗಾನಕ್ಕೆ ಬೇಕಾದ ಸಾಮಾನು, ಕರ್ನಾಟಕ ಸಂಗೀತ ಕಲಿಯುವವರಿಗೆ ಬೇಕಾದ ಸಾಮಾನು, ಇಷ್ಟೇ. ಗಿಟಾರ್, ಕೀಬೋರ್ಡ್ ಕೇಳಿದರೆ ಇಲ್ಲ ಅನ್ನುತ್ತೇನೆ. ಗಿರಾಕಿಗಳು ಬದಿಯಡ್ಕ, ಪೆರ್ಲ, ಪುತ್ತೂರು, ಮಂಗಳೂರು ಕಡೆಯವರು. ಮುಂಬೈಯಲ್ಲಿರುವ ನಮ್ಮ ಊರಿನವರೂ ತರಿಸಿಕೊಳ್ಳುತ್ತಾರೆ. ಸ್ಟಾಕ್ ತುಂಬಿಸಲು ಕೆಲವು ವರ್ಷದಿಂದ ದೊಡ್ಡದೊಂದು ಆನ್‌ಲೈನ್ ಸಗಟು ತಾಣವನ್ನು ಬಳಸುತ್ತಿದ್ದೇನೆ. ಹೆಸರು ಬೇಡ. ಇಂಥ ತಾಣಗಳು ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ. ಅದಕ್ಕೆ ನಾನು ಕೊಡುವ ಅಂಕ ಐದಕ್ಕೆ ಎರಡೂವರೆ. ಆ ಎರಡೂವರೆ ಯಾವುದಕ್ಕೆ ಸಿಕ್ಕಿತು, ಉಳಿದದ್ದು ಯಾಕೆ ಹೋಯಿತು ಎಂದು ಬರೆಯುತ್ತೇನೆ.

ಮೊದಲು ತಾಣದ ಸ್ವಭಾವ ಗೊತ್ತಿರಬೇಕು. ಕೊಳ್ಳುವ ನಮಗೆ ಅದು ಬಿಟ್ಟಿ. ಹಣ ಕಟ್ಟುವುದು ಮಾರುವವರು. ಜಾಸ್ತಿ ಕಟ್ಟಿದವರ ಹೆಸರು ಮೇಲೆ ಬರುತ್ತದೆ. ಹೆಸರಿನ ಪಕ್ಕದ ‘ನಂಬಿಕಸ್ತ’ ಮುದ್ರೆಗೂ ಕೊಳಲಿನ ನಾದಕ್ಕೂ ಸಂಬಂಧವೇ ಇಲ್ಲ. ನೀವು ‘ಎಂಟು ತೂತಿನ ಕೊಳಲು, ಐದು ಮನೆ, ಒಂದು ಡಜನ್’ ಎಂದು ಹಾಕಿ ನೋಡಿ. (‘ಮನೆ’ ಅಂದರೆ ಶ್ರುತಿ ಎಷ್ಟು ಎತ್ತರ ಎಂದು ಹೇಳುವ ಲೆಕ್ಕ.) ಚಹಾ ಕುಡಿದು ಮುಗಿಸುವುದರೊಳಗೆ ದೆಹಲಿ, ಕೋಲ್ಕತ್ತಾ, ಮೀರತ್ ಎಲ್ಲಾ ಕಡೆಯಿಂದ ಫೋನ್. ಎಲ್ಲರದ್ದೂ ಒಂದೇ ಪ್ರಶ್ನೆ, ‘ಕಿತ್ನಾ ಪೀಸ್?’ ಹನ್ನೆರಡು ಅಂದರೆ ಅರ್ಧಕ್ಕರ್ಧ ಜನ ಅಲ್ಲೇ ಇಟ್ಟುಬಿಡುತ್ತಾರೆ. ಒಬ್ಬರಂತೂ ಜಾತ್ರೆಯಲ್ಲಿ ಮಾರುವ ಪ್ಲಾಸ್ಟಿಕ್ ಪೀಪಿಯ ಫೋಟೋ ಕಳಿಸಿದ್ದರು. ಅಂಗಡಿಗೆಂದೇ ಬೇರೆ ಸಿಮ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮನೆಯವರು ಬೈಯುತ್ತಾರೆ.

ಕೊಳಲಿನ ಕಥೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಹೊಸಬರು ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಉತ್ತರ ಪ್ರದೇಶದ ಪೀಲೀಭೀತ್ ಬಾನ್ಸುರಿಗೆ ಹೆಸರಾದ ಊರು. ಬಿದಿರು ಅಸ್ಸಾಂನಿಂದ ಬರುತ್ತದೆ. ತಾಣದಲ್ಲಿ ‘ಕೊಳಲು’ ಎಂದು ಹುಡುಕಿದರೆ ಮೊದಲು ಕಾಣುವುದು ಆ ಕಡೆಯ ಸರಕು. ಸರಕು ಕೆಟ್ಟದ್ದಲ್ಲ. ಆದರೆ ಅದು ಆರು ಅಥವಾ ಏಳು ತೂತಿನ ಹಿಂದುಸ್ತಾನಿ ಬಾನ್ಸುರಿ. ನಮ್ಮ ಮಕ್ಕಳು ಕಲಿಯುವುದು ಎಂಟು ತೂತಿನದ್ದು, ಊದುವ ತೂತು ಬೇರೆ. ಬೆರಳ ಲೆಕ್ಕವೂ ಬೇರೆ. ನಮ್ಮಲ್ಲಿ ಮೇಲಿನ ಎರಡು ತೂತು ಮುಚ್ಚಿದರೆ ಷಡ್ಜ (ಸ), ಅವರಲ್ಲಿ ಮೂರು ಮುಚ್ಚಿದರೆ. ಅದಕ್ಕೇ ‘ಜಿ ಕೊಳಲು’ ಎಂಬ ಚೀಟಿಯನ್ನು ನಂಬುವ ಹಾಗಿಲ್ಲ. (ನಮ್ಮ ಐದು ಮನೆಗೆ ಪಾಶ್ಚಾತ್ಯರ ಹೆಸರು ‘ಜಿ’.) ಒಬ್ಬ ಮಾರುವವನು ತನ್ನ ಷಡ್ಜ ಯಾವುದೋ ಅದನ್ನು ಬರೆಯುತ್ತಾನೆ. ಇನ್ನೊಬ್ಬ ಎಲ್ಲಾ ತೂತು ಮುಚ್ಚಿದಾಗ ಬರುವ ಸ್ವರವನ್ನು ಬರೆಯುತ್ತಾನೆ. ಎರಡೂ ಪೆಟ್ಟಿಗೆಯ ಮೇಲೆ ‘ಜಿ’, ಒಳಗಿರುವ ಕೊಳಲು ಮಾತ್ರ ಬೇರೆ ಬೇರೆ.

ಒಂದು ಸಲ ಎಂಟು ತೂತಿನದ್ದೇ ಎಂದು ಒತ್ತಿ ಹೇಳಿ ತರಿಸಿದೆ. ಬಂದದ್ದೂ ಎಂಟು ತೂತಿನದ್ದೇ. ಟ್ಯೂನರ್ ಆ್ಯಪ್ ಮುಂದಿಟ್ಟು ಒಂದೊಂದಾಗಿ ಊದಿದರೆ ಕೆಲವು ಐದು ಮನೆಗೆ ಸರಿ, ಕೆಲವು ಐದಕ್ಕೂ ಐದೂವರೆಗೂ ನಡುವೆ ಎಲ್ಲೋ. ಒಂದರಲ್ಲಿ ಷಡ್ಜ ಸರಿ ಇದ್ದು ಮಧ್ಯಮ ಮೇಲೆ ಹೋಗಿತ್ತು. ಉತ್ತರದ ಚಳಿಯಲ್ಲಿ ಶ್ರುತಿ ನೋಡಿದ ಕೊಳಲು ನಮ್ಮ ಸೆಖೆಗೆ ಸ್ವಲ್ಪ ಏರುವುದು ಸಹಜ. ಆದರೆ ಹಾಗೆ ಏರಿದರೆ ಎಲ್ಲವೂ ಒಟ್ಟಿಗೆ ಏರಬೇಕು, ಅಲ್ವಾ? ವಾಪಸ್ ಕೇಳಿದ್ದಕ್ಕೆ ಆ ವ್ಯಾಪಾರಿಯ ಉತ್ತರ, ‘ಬಿದಿರು ಸಾರ್, ಹಾಗೇ ಇರ್ತದೆ’. ತಾಣದವರು ದೂರನ್ನು ದಾಖಲು ಮಾಡಿಕೊಂಡು ಸುಮ್ಮನಾದರು. ಹಣ ಕೊಡುವುದೂ ಪಡೆಯುವುದೂ ನಿಮ್ಮಿಬ್ಬರ ನಡುವಿನ ವ್ಯವಹಾರ ಎಂಬುದು ಅವರ ವಾದ. ಕಾಗದದ ಪ್ರಕಾರ ಅದು ನಿಜವೂ ಹೌದು.

ಹಾಗಾದರೆ ಎರಡೂವರೆ ಅಂಕ ಯಾಕೆ? ಶ್ರುತಿ ಬೇಡದ ಸಾಮಾನಿಗೆ. ಗೆಜ್ಜೆ, ವಾದ್ಯದ ಚೀಲ, ವಯೊಲಿನ್ ಪೆಟ್ಟಿಗೆ, ರಾಳ, ಮಡಚುವ ಸ್ಟ್ಯಾಂಡ್, ವೀಣೆ ಮತ್ತು ತಂಬೂರಿ ತಂತಿ. ಇದರಲ್ಲೆಲ್ಲಾ ತಾಣ ನಿಜಕ್ಕೂ ಕೆಲಸಕ್ಕೆ ಬಂತು. ಒಂದೇ ಗೆಜ್ಜೆಗೆ ನಾಲ್ಕು ಊರಿನ ದರ ಒಟ್ಟಿಗೆ ಕಾಣುವುದರಿಂದ ಚೌಕಾಸಿಗೆ ಬಲ ಬರುತ್ತದೆ. ನಮ್ಮಂಥ ಅಂಗಡಿಯನ್ನು ಬದುಕಿಸುವುದು ತಂತಿಯೇ. ಹಗುರ, ಒಡೆಯುವುದಿಲ್ಲ, ಮತ್ತೆ ಮತ್ತೆ ಬೇಕಾಗುತ್ತದೆ, ಅಂಚೆಯಲ್ಲಿ ಸಲೀಸಾಗಿ ಹೋಗುತ್ತದೆ. ಒಂದೇ ಎಚ್ಚರಿಕೆ. ಜರ್ಮನಿಯ ರೋಸ್ಲೌ ಉಕ್ಕಿನ ತಂತಿ ಎಂದು ಹೇಳಿ ಬೇರೇನೋ ಸುತ್ತಿ ಕೊಡುವವರಿದ್ದಾರೆ. ಮೊದಲು ಒಂದು ಸುರುಳಿ ಮಾತ್ರ ತರಿಸಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಒಂದು ಮಳೆಗಾಲ ಬಿಟ್ಟರೆ ಬಣ್ಣ ಬಯಲಾಗುತ್ತದೆ.

ಚೆಂಡೆ ಮದ್ದಳೆಯನ್ನು ಅಲ್ಲಿ ಹುಡುಕಲೇಬೇಡಿ. ಮದ್ದಳೆ ಎಂದು ಬರೆದರೆ ಪಂಚವಾದ್ಯದವರು ಸೊಂಟಕ್ಕೆ ಕಟ್ಟುವ ದೊಡ್ಡ ಮದ್ದಳಂ ಬರುತ್ತದೆ. ಪಾಲಕ್ಕಾಡಿನ ಪೆರುವೆಂಬದಲ್ಲಿ ಅದನ್ನು ಸೊಗಸಾಗಿ ಮಾಡುತ್ತಾರೆ. ಪಾಲಕ್ಕಾಡ್ ಮದ್ದಳಂಗೆ ಭೌಗೋಳಿಕ ಸೂಚಕವೂ (ಜಿಐ) ಸಿಕ್ಕಿದೆ. ಆದರೆ ಅದು ನಮ್ಮ ಮೇಳದ ಮದ್ದಳೆ ಅಲ್ಲ. ನಮ್ಮಲ್ಲಿ ಭಾಗವತರು ಹಾರ್ಮೋನಿಯಂನ ಕಪ್ಪು ಮೂರನೇ ಮನೆಗೆ ಹಾಡುತ್ತಾರೋ ಬಿಳಿ ಐದಕ್ಕೋ ಎಂದು ಕೇಳಿಯೇ ಮುಚ್ಚಿಗೆ (ಬಾರಿಸುವ ಚರ್ಮ) ಕಟ್ಟಿಸಬೇಕು. ಅದಕ್ಕೆ ನಮ್ಮ ಆಸುಪಾಸಿನ ಕಸುಬುದಾರರೇ ಗತಿ. ಸಗಟು ದರ ಅಂತ ಅವರಲ್ಲಿ ಇಲ್ಲ. ಎರಡು ಕೊಂಡರೂ ಇಪ್ಪತ್ತು ಕೊಂಡರೂ ಬೆಲೆ ಅಷ್ಟೇ. ನನಗೆ ಉಳಿಯುವುದು ಕಮ್ಮಿ. ಆದರೆ ವಾಪಸ್ ಬಂದ ಮದ್ದಳೆ ಇಲ್ಲ.

ಇನ್ನು ಸಮಯದ ಸಂಗತಿ. ಮೇಳಗಳು ಮೇ ಕೊನೆಗೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದರೆ ಮತ್ತೆ ಹೊರಡುವುದು ದೀಪಾವಳಿ ಕಳೆದ ಮೇಲೆ. ಮೇಳದವರ ಆರ್ಡರ್ ಬೀಳುವುದು ಆ ನಡುವಿನ ಮಳೆಯಲ್ಲಿ, ಚರ್ಮ ಸರಿಯಾಗಿ ಒಣಗದ ಕಾಲದಲ್ಲಿ. ಇತ್ತ ವಿಜಯದಶಮಿಗೆ ವಿದ್ಯಾರಂಭ. ಹೊಸ ವಯೊಲಿನ್, ಶ್ರುತಿ ಪೆಟ್ಟಿಗೆ ಹೆಚ್ಚು ಹೋಗುವುದು ಆ ವಾರ. ಚರ್ಮದ ಸಾಮಾನಿಗೆ ಬೇಸಗೆಯಲ್ಲೇ ಮುಂಗಡ ಕೊಟ್ಟುಬಿಡಬೇಕು. ತಾಣದಲ್ಲಿ ‘ಏಳು ದಿನದಲ್ಲಿ ರವಾನೆ’ ಎಂದು ಬರೆದವರ ಏಳು ದಿನ ಯಾವಾಗ ಶುರುವಾಗುತ್ತದೆ ಎಂಬುದು ಅವರಿಗೇ ಗೊತ್ತು.

ತಾಣದಿಂದ ಆದ ದೊಡ್ಡ ಉಪಕಾರ ಒಂದಿದೆ, ಅದೂ ಅಡ್ಡದಾರಿಯಲ್ಲಿ. ತಂಬೂರಿಯ ಚಿತ್ರ ಹಾಕಿದ್ದ ಮುಂಬೈಯ ವ್ಯಾಪಾರಿಯೊಬ್ಬರ ಹತ್ತಿರ ವಿಚಾರಿಸುತ್ತಾ ಹೋದಾಗ ಸರಕು ಮಿರಜಿನದ್ದು ಎಂದು ತಿಳಿಯಿತು. ಸಾಂಗ್ಲಿ ಜಿಲ್ಲೆಯ ಮಿರಜ್ ನಮಗೇನು ಪರಕೀಯ ಊರಲ್ಲ. ಎರ್ನಾಕುಳಂ–ಪುಣೆ ಪೂರ್ಣಾ ಎಕ್ಸ್‌ಪ್ರೆಸ್ ನಮ್ಮೂರಿನ ಮೇಲೆಯೇ ಹೋಗಿ ಮಿರಜ್ ಮುಟ್ಟುತ್ತದೆ. ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಅಲ್ಲಿನ ಸಿತಾರ್, ತಾನ್‌ಪುರಕ್ಕೆ (ಅವರು ತಂಬೂರಿಗೆ ಹೇಳುವ ಹೆಸರು) 2024ರಲ್ಲಿ ಭೌಗೋಳಿಕ ಸೂಚಕ ಬಂತು. ಈಗ ಅಲ್ಲಿನ ಒಂದು ಕುಟುಂಬದ ಕಾರ್ಖಾನೆಯಿಂದ ನೇರ ತರಿಸುತ್ತೇನೆ. ಒಂದೇ ಬೇಕೆಂದರೂ ಮಾಡಿಕೊಡುತ್ತಾರೆ. ಅರ್ಧ ಹಣ ಮುಂಗಡ.

ಅವರ ತಂಬೂರಿಯ ಸೋರೆ ಬುರುಡೆ ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳದ್ದು. ದೊಡ್ಡದು, ತೆಳ್ಳಗೆ, ಒಂದು ಪೆಟ್ಟು ಬಿದ್ದರೆ ಹೋಯಿತು. ಅವರು ಪ್ಯಾಕ್ ಮಾಡುವ ಕ್ರಮ ನೋಡಬೇಕು. ತಂತಿ ಸಡಿಲ ಬಿಟ್ಟು, ಕುದುರೆಯ (ತಂತಿ ಹಾದುಹೋಗುವ ಮೇಲಿನ ಪಟ್ಟಿ) ಮೇಲೆ ಪ್ರತಿ ತಂತಿಯ ಅಡಿಗೆ ಸಿಕ್ಕಿಸುವ ಜೀವಾ ದಾರ ಕೂತಿದ್ದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಸಣ್ಣ ಗೆರೆ ಎಳೆದಿರುತ್ತಾರೆ. ಇಲ್ಲಿ ಶ್ರುತಿ ಮಾಡಿ, ದಾರವನ್ನು ಆ ಗೆರೆಗೆ ಸರಿಸಿದರೆ ಝೇಂಕಾರ ತೆರೆದುಕೊಳ್ಳುತ್ತದೆ. ಜವಾರಿ ತೆಗೆಯುವುದು, ಅಂದರೆ ಆ ಝೇಂಕಾರ ಬರುವಂತೆ ಕುದುರೆಯನ್ನು ಹದ ಮಾಡುವುದು, ಅಂಗಡಿಯವರ ಕೈಯಲ್ಲಿ ಆಗುವ ಕೆಲಸ ಅಲ್ಲ. ಆ ಗೆರೆ ಇಲ್ಲದೆ ಬಂದ ತಂಬೂರಿಯನ್ನು ಗಿರಾಕಿ ‘ಸತ್ತ ದನಿ’ ಎಂದು ವಾಪಸ್ ಕಳಿಸುತ್ತಾರೆ. ಕಳಿಸುವ ಮೊದಲು ವಿಡಿಯೋ ಕರೆಯಲ್ಲಿ ಗಿರಾಕಿಯ ಶ್ರುತಿಗೇ ಮೀಟಿ ತೋರಿಸುತ್ತಾರೆ. ಹಿರಿಯರಿಗೆ ಗಡಿನಾಡಿನ ಕನ್ನಡ ಬರುತ್ತದೆ. ‘ಮಳ್ಯಾಗ ಗೋಡಿಗಿ ಆನಿಸಿ ಇಡಬ್ಯಾಡ್ರಿ ಸಾಹೇಬ್ರ, ಜೋಡು ಬಿಡತೈತಿ’ ಎಂದು ಪ್ರತಿ ಸಲ ಹೇಳುತ್ತಾರೆ. ‘ಆಯ್ತು ಚಾಚಾ’ ಎಂದು ನಾನೂ ಪ್ರತಿ ಸಲ ಹೇಳುತ್ತೇನೆ. ಆ ಮಾತನ್ನೇ ಈಗ ಚೀಟಿ ಮಾಡಿ ಪ್ರತಿ ಪೆಟ್ಟಿಗೆಯಲ್ಲಿ ಹಾಕುತ್ತೇನೆ.

ಒಂದು ಮಾತು. ಕರ್ನಾಟಕ ಸಂಗೀತದವರು ಕೆಲವರು ಹಲಸಿನ ಮರದ ಬುರುಡೆಯ ತಂಜಾವೂರು ತಂಬೂರಿಯೇ ಬೇಕು ಎನ್ನುತ್ತಾರೆ. ಅವರಿಗೆ ಮಿರಜಿನದ್ದನ್ನು ಹೊಗಳಿ ಮಾರಲು ಹೋಗಬೇಡಿ.

ಬಿಲ್ಲಿನ ವಿಷಯದಲ್ಲಿ ತಾಣದ ವ್ಯಾಪಾರಿಗಳ ಜೊತೆ ಹುಷಾರು. ಕೈಯಿಂದ ಮಾಡಿದ ದೇಶೀ ವಾದ್ಯಗಳಿಗೆ ಜಿಎಸ್‌ಟಿ ಇಲ್ಲ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಗೆ ಶೇ. 18. ಇದು ಗೊತ್ತಿಲ್ಲದವರ ಹತ್ತಿರ ಕೈಕೆಲಸದ ವಾದ್ಯಕ್ಕೂ ತೆರಿಗೆ ಎಂದು ಸೇರಿಸಿ ಕೇಳುವವರಿದ್ದಾರೆ. ಬಿಲ್ ಕೊಡಿ ಅಂದರೆ ಆ ಹಣ ಮಾಯ. ನಮಗೆ ತಲಪಾಡಿ ದಾಟಿದರೆ ಬೇರೆ ರಾಜ್ಯ. ಮಂಗಳೂರಿನ ಗಿರಾಕಿಗೆ ಕಳಿಸಿದರೂ ಅದು ಅಂತರರಾಜ್ಯ ಮಾರಾಟವೇ. ಹಾಗಾಗಿ ಕಾಗದ ಸರಿ ಇರುವವರಿಂದಲೇ ಕೊಳ್ಳುತ್ತೇನೆ, ನೂರಿನ್ನೂರು ಜಾಸ್ತಿಯಾದರೂ.

ತಾಣದ ಖಾತೆ ಮುಚ್ಚಿಲ್ಲ. ಗೆಜ್ಜೆ, ತಂತಿ, ಚೀಲ ಈಗಲೂ ಅಲ್ಲಿಂದಲೇ. ಹೊಸ ವ್ಯಾಪಾರಿಯಾದರೆ ಮೊದಲು ಸ್ಯಾಂಪಲ್, ಅದಕ್ಕೂ ಪೂರ್ತಿ ದುಡ್ಡು ಕೊಡುತ್ತೇನೆ. ಬಿಟ್ಟಿ ಸ್ಯಾಂಪಲ್ ಕೇಳಿದರೆ ಆರಿಸಿದ ಒಂದನ್ನು ಕಳಿಸುತ್ತಾರೆ. ಹಣ ಕೊಟ್ಟು, ಬೇರೆ ಹೆಸರಿನಲ್ಲಿ, ಮೂರು ಕೊಂಡರೆ ನಿಜವಾದ ಸರಕು ಬರುತ್ತದೆ.