ಇಂಪ್ಲಾಂಟ್‌ಗೆ ಬರೀ ಟೈಟಾನಿಯಂ ಸಾಕಾ, ಪ್ರೋಟೀನೂ ಬೇಕಾ?

ಹಲ್ಲು ಹೋದ ಜಾಗದಲ್ಲಿ ದವಡೆಗೆ ಕೂರಿಸುವ ಸ್ಕ್ರೂ, ಅಂದರೆ ಇಂಪ್ಲಾಂಟ್, ಬರೀ ಟೈಟಾನಿಯಂನದ್ದು ಹಾಕಿಸಲಾ, ಜೊತೆಗೆ ಮೂಳೆ ಬೆಳೆಯಲೆಂದು ಪ್ರೋಟೀನನ್ನೂ ಸೇರಿಸಲಾ ಅಂತ ಕೇಳಿದಿರಿ ಅಲ್ವಾ? ದವಡೆ ಮೂಳೆ ಗಟ್ಟಿಯಿದ್ದರೆ ಆಸಿಡ್‌ನಲ್ಲಿ ಅದ್ದಿ ತರಿತರಿ ಮಾಡಿದ ಮಾಮೂಲಿ ಟೈಟಾನಿಯಂ ಸ್ಕ್ರೂ ಸಾಕು. ಸುಮ್ನೆ ಜಾಸ್ತಿ ಖರ್ಚು ಯಾಕೆ?

ಪ್ರೋಟೀನ್ ಸೇರಿಸುವ ಒಂದು ದಾರಿ ಪಿಆರ್‌ಎಫ್ (ಪ್ಲೇಟ್‌ಲೆಟ್-ರಿಚ್ ಫೈಬ್ರಿನ್). ಅದನ್ನು ಮಾಡುವುದು ನಿಮ್ಮದೇ ರಕ್ತದಿಂದ. ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಟ್ಯೂಬಿನ ನಡುವೆ ಹಳದಿ ಲೋಳೆಯಂಥ ಗಡ್ಡೆ ಕಟ್ಟುತ್ತದೆ. ಬೆಳವಣಿಗೆಯ ಪ್ರೋಟೀನ್‌ಗಳು ಅದರಲ್ಲೇ ಇರುತ್ತವೆ. ಅಗ್ಗ, ಗಾಯ ಮಾಯಲು ನೆರವು. ಮೂಳೆಗೆ ಆಗುವ ಲಾಭ ಮಾತ್ರ ಅಷ್ಟು ಖಚಿತವಲ್ಲ.

ಇನ್ನೊಂದು ಬಿಎಂಪಿ-2, ಹೊಸ ಮೂಳೆಯನ್ನೇ ಬೆಳೆಸುವ ಪ್ರೋಟೀನ್. ಅಮೆರಿಕದಲ್ಲಿ 2007ರಲ್ಲಿ ದವಡೆಗೆ ಒಪ್ಪಿಗೆ ಸಿಕ್ಕಿದ್ದು ಕೊಲಾಜೆನ್ ಸ್ಪಂಜಿನಲ್ಲಿ ನೆನೆಸಿ ಇಡುವುದಕ್ಕೆ. ಸ್ಕ್ರೂಗೇ ಲೇಪಿಸುವುದು ಹೆಚ್ಚಾಗಿ ಇನ್ನೂ ಸಂಶೋಧನೆಯಲ್ಲೇ ಇದೆ. ದುಬಾರಿ, ಮುಖ ಊದುವುದೂ ಉಂಟು. ಮೇಲ್ದವಡೆ ಮೂಳೆ ತೀರಾ ಸವೆದವರು ಡಾಕ್ಟರನ್ನು ಕೇಳಿ ನೋಡಬಹುದು. ಗರ್ಭಿಣಿಯರಿಗೆ, ಕ್ಯಾನ್ಸರ್ ಇರುವವರಿಗೆ ಬೇಡ.

ಸಿಗರೇಟು ಸೇದುತ್ತಿದ್ದರೆ ಮೊದಲು ಅದನ್ನು ಬಿಡಿ.